ಸಿಪ್ಪೆ ಸಮೇತ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಾಲಿನಿ ಒಬ್ಬ ಜರ್ಮನ್ ಮುದುಕಿಯ ಮೂತ್ರಪಿಂಡದ ಬಳಿ ಕೂತಿದ್ದಳು. ಮುದುಕಿಗೆ ಹೆಸರಿರಲಿಲ್ಲ, ಪುಣೆಯ ಏಜೆನ್ಸಿಯವರು ಹೆಸರಿದ್ದ ಕಡೆಯೆಲ್ಲ ಕಪ್ಪು ಪಟ್ಟಿ ಎಳೆದು ಕಳಿಸುತ್ತಿದ್ದರು. ಉಳಿದದ್ದು ಹುಟ್ಟಿದ ಇಸವಿ, ಸಾವಿರದ ಒಂಬೈನೂರ ಮೂವತ್ತೆಂಟು, ಮತ್ತು ಎಡ ಮೂತ್ರಪಿಂಡದ ಮೇಲ್ತುದಿಯಲ್ಲಿ ವಾಲ್‌ನುಸ್‌ಗ್ರೋಸ್ ಆದ ಒಂದು ಗಂಟು. ಅಂದರೆ ಅಕ್ರೋಟಿನಷ್ಟು ದೊಡ್ಡದು. ಎರಡು ಮಾತನ್ನು ಒಂದಕ್ಕೊಂದು ಹೊಲಿದು ಒಂದೇ ಶಬ್ದ ಮಾಡಿಬಿಡುವ ಆ ಭಾಷೆಯ ಚಾಳಿ ಅವಳಿಗೆ ಇಪ್ಪತ್ತನೇ ವಯಸ್ಸಿನಿಂದ ಗೊತ್ತು, ಮುಂಬೈಯಲ್ಲಿ ಆಫೀಸು ಮುಗಿಸಿ ಸಂಜೆ ಸಂಜೆ ಹೋಗಿ ಕಲಿತದ್ದು. ಮದುವೆಯಾಗಿ ಕುಮಟೆಗೆ ಬಂದ ಮೇಲೆ ಹದಿನೈದು ವರ್ಷ ಆ ಭಾಷೆ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು. ಮನೆಗೆ ಕಂಪ್ಯೂಟರು ಬಂದು, ಟೆಲಿಫೋನಿನ ತಂತಿಯಲ್ಲೇ ಈಮೇಲು ಬರತೊಡಗಿದಾಗ ಎದ್ದು ಕೂತಿತು. ಈಗ ವಾರಕ್ಕೆ ನಾಲ್ಕೈದು ಕಾಯಿಲೆಗಳು ಬರುತ್ತವೆ. ಅವನ್ನು ಅವಳು ಇಂಗ್ಲಿಷಿಗೆ ತಂದು, ಊಟದ ಹೊತ್ತಿಗೆ ಪುಣೆಗೆ ಕಳಿಸುತ್ತಾಳೆ.

ಆ ಡಾಕ್ಟರುಗಳು ಅಳೆಯುವುದೇ ಅಡುಗೆಮನೆಯಲ್ಲಿ ನಿಂತು. ಮೈಯೊಳಗೆ ಏನು ಬೆಳೆದರೂ ಅದು ಸಾಸಿವೆಯಷ್ಟು, ಚೆನ್ನಂಗಿಬೇಳೆಯಷ್ಟು, ಬಟಾಣಿಯಷ್ಟು, ಚೆರಿಯಷ್ಟು, ಪಾರಿವಾಳದ ಮೊಟ್ಟೆಯಷ್ಟು, ಕೋಳಿಮೊಟ್ಟೆಯಷ್ಟು. ಹುಣ್ಣು ಐದು ಮಾರ್ಕಿನ ನಾಣ್ಯದಷ್ಟು. ಆ ನಾಣ್ಯ ಹೋದ ವರ್ಷವೇ ಚಲಾವಣೆಯಿಂದ ಹೋಯಿತು, ಹುಣ್ಣು ಮಾತ್ರ ಇನ್ನೂ ಅಷ್ಟೇ ಇದೆ. ಓದುತ್ತ ಓದುತ್ತ ಅವಳಿಗೆ ಕಣ್ಣು ಮಂಜಾಗುವುದು. ಹೆಸರಿಲ್ಲದ ಆ ಹೆಂಗಸರು, ಗಂಡಸರು ಹಿಮ ಬಿದ್ದ ಬೀದಿಯಲ್ಲಿ ಸಾಲಾಗಿ ನಡೆದು ಹೋಗುತ್ತಾರೆ. ಒಬ್ಬೊಬ್ಬರ ಕೋಟಿನೊಳಗೂ ಒಂದೊಂದು ಹಣ್ಣು, ಒಂದೊಂದು ಕಾಳು, ಯಾರೂ ಕೊಳ್ಳದ ಒಂದು ಸಂತೆ. ಎಷ್ಟನ್ನೋ ಅವಳು ಕಣ್ಣಿಂದ ಕಂಡವಳಲ್ಲ. ಚೆರಿ ಅಂದರೆ ಬೇಕರಿಯವನು ಕೇಕಿನ ನೆತ್ತಿಗೆ ಅಂಟಿಸುವ ಕೆಂಪು ಗೋಲಿ ಎಂದು ಅವಳು ಬಹಳ ದಿನ ಅಳತೆ ಹಾಕಿದ್ದಳು. ಅದು ಸಕ್ಕರೆಯಲ್ಲಿ ಅದ್ದಿದ ಕವಳಿಕಾಯಿ ಎಂದು ಗಂಡ ಭಾಸ್ಕರ ಹೇಳಿ ನಕ್ಕಾಗ, ಅಲ್ಲಿವರೆಗಿನ ಎಷ್ಟು ಜನರ ಗಂಟನ್ನು ತಾನು ಕವಳಿಕಾಯಿಯಷ್ಟು ಮಾಡಿ ಕಳಿಸಿದ್ದೇನೋ ಎಂದು ಎರಡು ದಿನ ಊಟ ರುಚಿಸಲಿಲ್ಲ. ಒಮ್ಮೆ ಒಬ್ಬಾಕೆಯ ಗರ್ಭಕೋಶದ ಗಡ್ಡೆಯನ್ನು ಮೂಲದಲ್ಲಿದ್ದಂತೆಯೇ ‘ಮಗುವಿನ ತಲೆಯಷ್ಟು’ ಎಂದು ಬರೆದು ಕಳಿಸಿದ್ದಳು. ಅನುವಾದ ತರಿಸಿಕೊಳ್ಳುತ್ತಿದ್ದ ಲಂಡನ್ನಿನ ಕಡೆಯವರು, ಇಂಥ ಮಾತನ್ನು ನಮ್ಮಲ್ಲಿ ಯಾರೂ ಬರೆಯುವುದಿಲ್ಲ, ಇದು ಅನುವಾದಕರ ಸ್ವಂತದ್ದೋ ಎಂದು ಕೇಳಿ ಕಳಿಸಿದ್ದರು. ಅವತ್ತಿನಿಂದ ಏಜೆನ್ಸಿಯ ನಿಯಮ: ಹೋಲಿಕೆ ಇರಲಿ, ಪಕ್ಕದಲ್ಲಿ ಸೆಂಟಿಮೀಟರ್ ಹಾಕಿ. ಅದಕ್ಕೆಂದೇ ಅವಳ ಬಳಿ ಒಂದು ನೋಟ್‌ಬುಕ್ಕಿದೆ. ಗುಂಡುಸೂಜಿಯ ತಲೆಯಿಂದ ಶುರುವಾಗಿ ಮಗುವಿನ ತಲೆಯವರೆಗೆ ಇಳಿಯುವ ಪಟ್ಟಿ.

ಇವತ್ತು ಅಕ್ಷಯನ ಪ್ರಶ್ನೆ ಬಂತು. ಪುಣೆಯಲ್ಲಿ ಅವಳ ಬರಹ ತಿದ್ದುವ ಹುಡುಗ, ಮುಖ ನೋಡಿದ್ದಿಲ್ಲ. ‘ಮೇಡಂ, ಅಕ್ರೋಟು ಎಂದರೆ ಚಿಪ್ಪು ಸಮೇತವೋ, ಒಳಗಿನ ತಿರುಳೋ? ನಾವೆಲ್ಲ ಅಂಗಡಿಯಲ್ಲಿ ತಿರುಳನ್ನೇ ನೋಡಿದವರು. ಒಂದೂವರೆ ಸೆಂಟಿಮೀಟರ್ ವ್ಯತ್ಯಾಸವಾಗುತ್ತೆ.’ ಅವಳಿಗೆ ಸ್ವಲ್ಪ ನಗು ಬಂತು, ಸ್ವಲ್ಪ ಹೆಮ್ಮೆಯೂ. ಬೆರಳು ತಾನಾಗಿ ಬರೆಯಿತು: ‘ಚಿಪ್ಪು ಸಮೇತ. ಅಲ್ಲಿಯವರು ಮರದಡಿಯಿಂದ ಹೆಕ್ಕಿಕೊಳ್ಳುವವರು. ಅಕ್ರೋಟು ಬೆಳೆಯುವವರಿಗೆ ಅಕ್ರೋಟೆಂದರೆ ಇಡೀ ಕಾಯಿ; ತಿರುಳು ಅನ್ನುವುದು ಕೊಳ್ಳುವವರ ಲೆಕ್ಕ.’ ಬರೆದದ್ದು ಚೆನ್ನಾಗಿದೆ ಅನ್ನಿಸಿ ಇನ್ನೊಮ್ಮೆ ಓದಿದಳು. ಎರಡನೇ ಸಲ ಓದುವಾಗ ‘ಬೆಳೆಯುವವರಿಗೆ’ ಎಂಬಲ್ಲಿ ಕಣ್ಣು ನಿಂತಿತು. ಹಿತ್ತಲಿನ ಬಾವಿಕಟ್ಟೆಯ ಮೇಲೆ ಯಾರದೋ ಕೊಡ ಉರುಳಿದ ಸದ್ದು ದೂರದಿಂದ ಬಂದ ಹಾಗೆ ಬಂತು. ಅಡಿಕೆ, ಅಂದುಕೊಂಡಳು. ಬಾಯಿಬಿಟ್ಟೇ ಅಂದಳೇನೋ.

ದೀಪಾವಳಿಯ ಮರುವಾರ ಮಿರ್ಜಾನದಿಂದ ಶ್ರೀಮತಿ ಅತ್ತಿಗೆ ಫೋನು ಮಾಡಿದ್ದಳು. ಭಾಸ್ಕರನ ಅಕ್ಕ, ಐವತ್ತನಾಲ್ಕು ದಾಟಿದವಳು, ಮಾತಿನಲ್ಲಿ ಗಟ್ಟಿಗಿತ್ತಿ. ಆ ಮನೆಯ ಫೋನು ಇರುವುದು ಜಗುಲಿಯಲ್ಲಿ, ಅವಳ ಗಂಡ ಮಹಾಬಲ ಭಾವನ ಆರಾಮ ಕುರ್ಚಿಯಿಂದ ಎರಡು ಮೊಳ ದೂರ. ಹಾಗಾಗಿ ಅವಳ ದನಿ ಅವತ್ತು ಬೇರೆ ಯಾರದೋ ದನಿಯಂತೆ ಸಣ್ಣಗಿತ್ತು. “ನೀ ದಿನಾ ಇಂಥದ್ದೇ ಓದ್ತೆ ಅಲ್ದಾ ಕೂಸೆ? ಎದೆ ಹತ್ರ ಒಂದು ಗಂಟು ಇದ್ದು. ನೋವಿಲ್ಲೆ. ಒಂದು ಅಡಿಕೆಯಷ್ಟು.” ಮಾಲಿನಿಗೆ ಮೊದಲು ಆದದ್ದು ಗಾಬರಿಯಲ್ಲ, ಸಂತೋಷ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ತನ್ನನ್ನು ಕೇಳಿದಳು! ಧಾರವಾಡದ ಕಡೆಯ ಮನೆಮಾತು, ಮುಂಬೈಯ ಚಾಳಿನಲ್ಲಿ ಬೆಳೆದವಳು, ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಒಳಗಿಂದ “ಅದು ಮಿಂದತ್ತಾ? ಅದು ಉಂಡತ್ತಾ?” ಎಂದು ಕೇಳುತ್ತಿದ್ದಾಗ, ತನ್ನನ್ನು ಪಾತ್ರೆಪಡಗದ ಲೆಕ್ಕಕ್ಕೆ ಹಿಡಿದಿದ್ದಾರೆಂದು ಬಚ್ಚಲಲ್ಲಿ ನಿಂತು ಅತ್ತವಳು. ಈ ಮನೆಗಳಲ್ಲಿ ಹೆಣ್ಣನ್ನೆಲ್ಲ, ಅತ್ತೆ ತನ್ನ ತಾಯಿಯನ್ನೂ ಕೂಡ, ‘ಅದು’ ಅನ್ನುವುದೇ ರೂಢಿ ಎಂದು ಗೊತ್ತಾಗಲು ಆರು ತಿಂಗಳು ಬೇಕಾಯಿತು. ಜರ್ಮನಿನಲ್ಲೂ ಹುಡುಗಿಗೆ ‘ಅದು’ ಎಂದೇ ಹೇಳುತ್ತಾರೆ ಎಂಬುದು ಅದಕ್ಕೂ ಆಮೇಲೆ, ಎಂದೋ ಒಂದು ದಿನ ಕಡಲೆಬೇಳೆ ಆರಿಸುವಾಗ ಹೊಳೆದು ಒಬ್ಬಳೇ ನಕ್ಕಿದ್ದಳು. ಅಂಥ ಮನೆಯ ಹಿರಿಯಳು ತನ್ನ ಗುಟ್ಟನ್ನು ತಂದು ಅವಳ ಕೈಗಿಟ್ಟಿದ್ದಳು. ಮಾಲಿನಿ ನೋಟ್‌ಬುಕ್ ತೆರೆದಳು. ಅಡಿಕೆ ಎಂದರೆ ಕವಳದ ತಟ್ಟೆಯಲ್ಲಿ ವೀಳ್ಯದೆಲೆಯ ಪಕ್ಕ ಕೂತಿರುವ ಕಂದು ಗೋಲಿ. ಪಟ್ಟಿಯಲ್ಲಿ ಹಾಸೆಲ್‌ನುಸ್ ಎಂಬ ಸಣ್ಣ ಕಾಯಿಗಿಂತ ತುಸು ದೊಡ್ಡದು, ಚೆರಿಯಷ್ಟು. ಎರಡು ಸೆಂಟಿಮೀಟರಿಗೆ ಒಂದು ಕೂದಲೆಳೆ ಕಡಿಮೆ. “ಅಷ್ಟು ಸಣ್ಣದಾ?” ಎಂದಳು, ಡಾಕ್ಟರರ ದನಿಯಲ್ಲಿ. “ಈ ವಯಸ್ಸಿನಲ್ಲಿ ಇಂಥವು ಬರ್ತವೆ ಅತ್ತಿಗೆ. ಹೆಚ್ಚಿನವು ಏನೂ ಅಲ್ಲ. ಎರಡು ತಿಂಗಳು ನೋಡಿ.” ಆ ಕಡೆಯಿಂದ ಒಂದು ಉಸಿರು ಕೇಳಿಸಿತು. “ಆತು ಹಂಗಾರೆ,” ಎಂದಿದ್ದಳು ಶ್ರೀಮತಿ.

ಆಮೇಲೆ ಅದೊಂದು ತಮಾಷೆಯೇ ಆಗಿಬಿಟ್ಟಿತು. ಫೋನಿನಲ್ಲಿ “ಅಡಿಕೆ ಎಂತಾತು ಅತ್ತಿಗೆ?” ಎಂದು ಇವಳು, “ಹಂಗೇ ಇದ್ದು” ಎಂದು ಅವಳು. ಕೇಳಿಸಿಕೊಂಡ ಭಾವ, “ಇದಕ್ಕೆ ನಮ್ಮನೆ ಅಡಿಕೆ ಮೇಲೆ ಎಂತ ಇಷ್ಟು ಪ್ರೀತಿ!” ಎಂದು ನಗುವುದು. ಎರಡು ತಿಂಗಳು ನಾಲ್ಕಾಯಿತು. ನಡುವೆ ಸಂಕ್ರಾಂತಿಗೆ ಎಲ್ಲರೂ ಮಿರ್ಜಾನದಲ್ಲಿ ಸೇರಿದ್ದಾಗ ಶ್ರೀಮತಿ ಮಿಂದು ಬಂದು ಕತ್ತಲೆ ಕೋಣೆಯಲ್ಲಿ ಬಾಗಿಲು ಓರೆ ಮಾಡಿ ನಿಂತಿದ್ದಳು. ರವಿಕೆಯ ಗುಂಡಿ ಹಾಕಿಕೊಳ್ಳುತ್ತ ಇದ್ದಳು, ಹಾಕಿಕೊಳ್ಳುತ್ತಲೇ ಇದ್ದಳು. ನಾಲ್ಕು ಗುಂಡಿಗೆ ಅಷ್ಟು ಹೊತ್ತು ಯಾರಿಗೂ ಬೇಕಾಗುವುದಿಲ್ಲ. ಹೊರಗೆ ಎಳ್ಳಿನ ತಟ್ಟೆ ಹಿಡಿದು ಹಾದು ಹೋದ ಮಾಲಿನಿ ಅದನ್ನು ಕಂಡಳು, ಮತ್ತು ಕಾಣದವಳ ಹಾಗೆ ಹೋದಳು. ವಾರಕ್ಕೆ ನಾಲ್ಕು ಮೈಗಳನ್ನು ಬಿಚ್ಚಿ ಓದುವವಳಿಗೆ ಆ ಒಂದು ಮೈಯ ಬಾಗಿಲು ದೂಡುವುದಾಗಲಿಲ್ಲ. ಹಬ್ಬದ ದಿನ, ಜನವಿದ್ದಾರೆ, ಆಮೇಲೆ ಕೇಳಿದರಾಯಿತು. ಆಮೇಲೆ ಎಂಬುದು ಬರಲೇ ಇಲ್ಲ.

ಅಕ್ಷಯನಿಗೆ ಬರೆದದ್ದನ್ನು ಕಳಿಸಿ, ಈಮೇಲಿನ ಸಂಪರ್ಕ ಕಡಿದು, ತಂತಿಯನ್ನು ಫೋನಿಗೆ ಸಿಕ್ಕಿಸಿ ಮಿರ್ಜಾನಕ್ಕೆ ಮಾಡಿದಳು. ಎತ್ತಿದ್ದು ಭಾವ.

“ಓ, ಮಾಲಿನಿಯಾ? ಬೆಳಿಗ್ಗೆ ಎರಡು ಸಲ ಮಾಡಿದ್ದೆ. ನಿಮ್ಮನೆ ಫೋನು ಹೇಳಿರೆ ಗಣಪತಿ ಹೊಟ್ಟೆ, ಯಾವಾಗ್ಲೂ ತುಂಬೇ ಇರ್ತು. ಎಂತ, ಜರ್ಮನಿಯವ್ರೆಲ್ಲ ಆರಾಮಾ?”

“ಆರಾಮ ಭಾವ. ಅತ್ತಿಗೆ ಇದಾರಾ?”

“ಇಲ್ಲೇ ಇದ್ದು. ಶ್ರೀಮತೀ, ನಿನ್ನ ಅಡಿಕೆ ದಲ್ಲಾಳಿ ಬಂತು ನೋಡು!”

ಮಾಲಿನಿ ಕಾದಳು. ಆ ಕಡೆಯ ಅಂಗಳದಲ್ಲಿ ಯಾರೋ ಅಡಿಕೆ ಸುಲಿಯುತ್ತಿದ್ದರು. ಕತ್ತಿಗೆ ಒತ್ತಿದ ಸಿಪ್ಪೆ ಬಿರಿಯುವ ಸದ್ದು ತಂತಿಯೊಳಗೆ ಬರುತ್ತಿತ್ತು. ಇಷ್ಟು ದಿನ ಅದು ಕೇಳಿಸಿರಲಿಲ್ಲವೇ?

“ಹಂಗೇ ಇದ್ದು,” ಎಂದಳು ಶ್ರೀಮತಿ, ಕೇಳುವ ಮೊದಲೇ.

“ಅದಲ್ಲ ಅತ್ತಿಗೆ. ನೀವು ಅವತ್ತು ಅಡಿಕೆಯಷ್ಟು ಅಂದ್ರಲ್ಲ. ಸುಲಿದದ್ದಾ, ಸಿಪ್ಪೆ ಸಮೇತದ್ದಾ?”



“ಎಂತ ಕೇಳ್ತೆ ನೀನು? ಅಡಿಕೆ ಹೇಳಿರೆ ಅಡಿಕೆ. ಮರದಲ್ಲಿ ಇಪ್ಪದು. ಸುಲಿದ ಮೇಲೆ ಅದಕ್ಕೆ ಚಾಲಿ ಹೇಳ್ತೊ.”

“ಚಾಲಿ ಬೇಕಡಾ ಅದಕ್ಕೆ?” ಹಿಂದಿನಿಂದ ಭಾವನ ದನಿ. “ಒಂದು ಚೀಲ ಕಳಿಸ್ವ ಹೇಳು.”

ಮಾಲಿನಿ ನೋಟ್‌ಬುಕ್ಕಿನ ಪಟ್ಟಿಯ ಮೇಲೆ ಬೆರಳಿಟ್ಟಿದ್ದಳು. ಬೆರಳು ಚೆರಿಯಿಂದ ಕೆಳಗಿಳಿಯಿತು. ಪ್ಲಮ್ಮು, ಅಕ್ರೋಟು, ಪಾರಿವಾಳದ ಮೊಟ್ಟೆ. ಕೋಳಿಮೊಟ್ಟೆಯ ಹತ್ತಿರ ನಿಂತಿತು: ಐದರಿಂದ ಆರು ಸೆಂಟಿಮೀಟರ್. ನಾಲ್ಕು ಸಾಲು. ಈ ನಾಲ್ಕು ಸಾಲಿನ ನಡುವೆ ಡಾಕ್ಟರುಗಳು ಏನೇನು ಬರೆಯುತ್ತಾರೆ ಎಂಬುದು ಅವಳಿಗೆ ಬಾಯಿಪಾಠ. ಮೊದಲ ಸಾಲಿನವರ ವರದಿಗಳು ಮತ್ತೆ ಮತ್ತೆ ಬರುತ್ತವೆ, ಮುಂದಿನ ವರ್ಷ, ಅದರ ಮುಂದಿನ ವರ್ಷ, ‘ರೋಗಿ ಚೆನ್ನಾಗಿದ್ದಾರೆ’ ಎಂಬ ಸಾಲಿನೊಂದಿಗೆ. ಕೆಳಗಿನ ಸಾಲಿನವರ ವರದಿಗಳು ಕೆಲವು ಸಲ ಬಂದು ಆಮೇಲೆ ಬರುವುದಿಲ್ಲ. “ನಾನು ಬರ್ತಾ ಇದೀನಿ,” ಎಂದಳು. “ಈಗ್ಲೇ ಬರ್ತಾ ಇದೀನಿ ಅತ್ತಿಗೆ.” ಶ್ರೀಮತಿ ಎಂತಕ್ಕೆ ಎಂದು ಕೇಳಲಿಲ್ಲ.

ಭಟ್ಕಳದ ಬ್ಯಾಂಕಿನಲ್ಲಿದ್ದ ಭಾಸ್ಕರನಿಗೆ ಫೋನು ಮಾಡಬೇಕೆಂದು ಬಸ್‌ಸ್ಟ್ಯಾಂಡಿನವರೆಗೂ ಅಂದುಕೊಂಡಳು. ಅಲ್ಲಿ ಅಂಕೋಲೆಯ ಬಸ್ಸು ಹೊರಟು ನಿಂತಿತ್ತು, ಹತ್ತಿದಳು. ಏನೆಂದು ಹೇಳುವುದು? ನಿನ್ನ ಅಕ್ಕ ನನಗೆ ಒಂದು ಮಾತು ಹೇಳಿದ್ದಳು, ಅದನ್ನು ನಾನು ತಪ್ಪು ಓದಿದೆ. ಮಾರ್ಚಿನ ಮಧ್ಯಾಹ್ನ, ಬಸ್ಸಿನ ಕಬ್ಬಿಣವೆಲ್ಲ ಕಾದು ಮೀನಿನ ಬುಟ್ಟಿಯ ವಾಸನೆಯೊಂದಿಗೆ ಕಲಸಿಹೋಗಿತ್ತು. ಕಿಟಕಿಯಾಚೆ ರೈಲುಹಳಿ, ಒಣಗಿದ ಗದ್ದೆ, ಮತ್ತೆ ರೈಲುಹಳಿ. ಎದುರು ಸೀಟಿನಲ್ಲಿ ಒಬ್ಬಳು ಹೆಂಗಸು ಮಡಿಲಲ್ಲಿ ಏನನ್ನೋ ಸೆರಗು ಮುಚ್ಚಿ ಹಿಡಿದಿದ್ದಳು. ಬಸ್ಸು ಎಗರಿದಾಗಲೆಲ್ಲ ಅವಳ ಕೈ ಅದನ್ನು ಒತ್ತಿ ಹಿಡಿಯುವುದು. ಮಾಲಿನಿ ನೋಡುತ್ತಿದ್ದಂತೆ ಬಸ್ಸಿನವರೆಲ್ಲ ಹಾಗೆ ಏನನ್ನೋ ಒತ್ತಿ ಹಿಡಿದುಕೊಂಡಂತೆ ಕಂಡರು, ಕಂಡಕ್ಟರನೂ ಕೂಡ, ಚೀಲದ ಕೆಳಗೆ, ಪಕ್ಕೆಯ ಬಳಿ. ಕಪ್ಪು ಪಟ್ಟಿ ಮುಖದ ಮೇಲೆ ಎಳೆದುಕೊಂಡು ಹಿಮದಲ್ಲಿ ನಡೆಯುತ್ತಿದ್ದವರು ಒಬ್ಬೊಬ್ಬರೇ ಬಸ್ಸು ಹತ್ತಿ ನಿಂತಿದ್ದರು. ಅವರಲ್ಲಿ ಒಬ್ಬಾಕೆಯ ಪಟ್ಟಿ ಮಾತ್ರ ಅಳಿಸಿಹೋಗಿತ್ತು. ಅತ್ತಿಗೆಯ ಮೂಗುತಿ, ಅತ್ತಿಗೆಯ ದೊಡ್ಡ ಕುಂಕುಮ. “ಮಿರ್ಜಾನಾ!” ಎಂದು ಕಂಡಕ್ಟರ್ ಎರಡನೇ ಸಲ ಕೂಗಿದಾಗ ಅವಳು ಎಚ್ಚೆತ್ತು ಇಳಿದಳು. ಎಚ್ಚರವಾಗಿಯೇ ಇದ್ದಳೋ ಏನೋ.

ಅಂಗಳದಲ್ಲಿ ನಾಗಿ ಕತ್ತಿಮಣೆಯ ಮುಂದೆ ಕೂತಿದ್ದಳು. ವರ್ಷಾ ವರ್ಷಾ ಆ ಮನೆಗೆ ಸುಲಿಯಲು ಬರುವವಳು. “ಬೊಂಬಾಯಮ್ಮ ಬಂದ್ರು! ಎಂತ ಅಮ್ಮಾ, ಬಿಸ್ಲಲ್ಲಿ ಮೋರೆಯೆಲ್ಲ ಸುಟ್ಟ ಗೇರುಬೀಜ ಆಗೋಗದೆ?” ಎಂದು ಹಲ್ಲು ಬಿಟ್ಟಳು. ಅವಳ ಎಡಗೈಯಲ್ಲಿ ಒಂದು ಒಣಗಿದ ಅಡಿಕೆ, ಸಿಪ್ಪೆ ಸಮೇತ. ಅಂಗೈ ತುಂಬಿತ್ತು. ಅಂಗಳದ ತುಂಬ ಅಂಥವೇ ಹರಡಿದ್ದವು. ಇಪ್ಪತ್ತು ವರ್ಷದಿಂದ ಆ ಅಂಗಳ ದಾಟಿಯೇ ಒಳಗೆ ಹೋಗುತ್ತಿದ್ದಳು ಮಾಲಿನಿ. ಕಾಲಿಗೆ ಒತ್ತುತ್ತವೆಂದು ಸೀರೆಯ ನಿರಿಗೆ ಎತ್ತಿ ಬದಿಯಿಂದ ಬದಿಗೆ ಹಾರಿ ಹೋದವಳಿಗೆ, ಅವು ಅಡಿಕೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಶ್ರೀಮತಿ ಕತ್ತಲೆ ಕೋಣೆಗೆ ಕರೆದೊಯ್ದು ಅಗಳಿ ಹಾಕಿದಳು. ಗುಂಡಿ ಬಿಚ್ಚಿದಳು, ಈ ಸಲ ಬೇಗ ಬೇಗ. “ಕೊಡು ಕೈ,” ಎಂದಳು. ಮಾಲಿನಿಯ ಕೈ ಬಸ್ಸಿನ ಸರಳು ಹಿಡಿದು ಬೆವರಿತ್ತು. ಸೆರಗಿಗೆ ಒರೆಸಿಕೊಂಡು ಕೊಟ್ಟಳು. ಅತ್ತಿಗೆಯ ಕೈ ಅದನ್ನು ಹಿಡಿದು, ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವ ಹಾಗೆ ಕಂಕುಳಿನ ಕೆಳಗಿಂದ ಒಯ್ದು ಇಟ್ಟಿತು. ಬೆರಳಿಗೆ ಸಿಕ್ಕದ್ದು ಯಾವ ಹಣ್ಣೂ ಆಗಿರಲಿಲ್ಲ, ಯಾವ ಕಾಯಿಯೂ ಆಗಿರಲಿಲ್ಲ. ಗಟ್ಟಿ, ಅಂಚು ಸರಿಯಿಲ್ಲದ್ದು, ಸರಿಸಿದರೆ ಸರಿಯದೆ ಅಲ್ಲೇ ಬೇರೂರಿದಂತೆ ಇದ್ದುದು; ಅದರ ಮೇಲಿನ ಚರ್ಮ ಒಂದು ಕಡೆ ಸಣ್ಣಗೆ ಒಳಕ್ಕೆ ಎಳೆದಿತ್ತು. ಒಳಗೆ ಎಲ್ಲೋ ಅತ್ತಿಗೆಯ ಎದೆ ಬಡಿದುಕೊಳ್ಳುತ್ತಿತ್ತು. ಇಷ್ಟು ವರ್ಷ ಓದಿದ ಒಂದು ವರದಿಯಲ್ಲೂ ಅದನ್ನು ಯಾರೂ ಬರೆದಿರಲಿಲ್ಲ, ಮೈ ಬಿಸಿಯಾಗಿರುತ್ತದೆ ಎಂಬುದನ್ನು.

“ನಾನು ತಪ್ಪು ಮಾಡಿದೆ ಅತ್ತಿಗೆ,” ಎಂದಳು ಮಾಲಿನಿ. “ಸುಲಿದ ಅಡಿಕೆ ಅಂದ್ಕೊಂಡೆ. ಸಣ್ಣದು ಅಂದ್ಕೊಂಡೆ. ನಾಲ್ಕು ತಿಂಗಳು ಹಾಳು ಮಾಡಿದೆ.”

ಶ್ರೀಮತಿ ಅವಳ ಕೈಯನ್ನು ಹಾಗೇ ಒತ್ತಿ ಹಿಡಿದಿದ್ದಳು. “ನಂಗೆ ಗೊತ್ತಿತ್ತು.”

“ಏನು?”

“ಅಷ್ಟು ಸಣ್ಣದಾ ಹೇಳಿ ನೀ ಕೇಳಿದ್ಯಲೇ, ಆಗ್ಲೇ ಗೊತ್ತಾತು, ಇದು ಬೇರೆ ಎಂತೋ ತಿಳ್ಕಂಡತ್ತು ಹೇಳಿ. ಸರಿ ಮಾಡಿದ್ನಿಲ್ಲೆ. ಸಣ್ಣದು ಹೇಳಿ ಒಬ್ರಾದ್ರೂ ಹೇಳಿದ್ವಲ, ಇರ್ಲಿ ಹೇಳಿ ಕಂಡತ್ತು.”

ಮಾಲಿನಿಯೊಳಗೆ ಒಂದು ಭಾರ ಇಳಿಯಿತು, ಮತ್ತು ಇಳಿದದ್ದಕ್ಕೆ ನಾಚಿಕೆಯಾಯಿತು. ಹಾಗಾದರೆ ತಪ್ಪು ತನ್ನೊಬ್ಬಳದಲ್ಲ. ಆ ಯೋಚನೆ ಬಂದ ಬಿರುಸಿಗೆ ಅವಳಿಗೇ ಹೇಸಿಗೆಯಾಯಿತು. ಎದುರಿಗೆ ಬಿಚ್ಚಿದ ಎದೆಯ ಹೆಂಗಸು ನಿಂತಿದ್ದಾಳೆ, ತಾನು ಪಾಲು ಹಂಚುತ್ತಿದ್ದೇನೆ. ಸಂಕ್ರಾಂತಿಯ ದಿನ ಓರೆ ಮಾಡಿದ ಬಾಗಿಲನ್ನು ಯಾವ ಪಟ್ಟಿಯಲ್ಲಿ, ಯಾವ ಸಾಲಿನಲ್ಲಿ ಬರೆಯುವುದು? ಅದಕ್ಕೆ ಭಾಷೆಯ ತಪ್ಪೆಂದು ಹೆಸರಿಡಲು ಬರುವುದಿಲ್ಲ. “ಅವತ್ತು ನೀವು ಬಾಗಿಲು ಹಾಕಿರ್ಲಿಲ್ಲ. ನಾನು ನೋಡಿದ್ದೆ,” ಎಂದಳು. 

“ನೀ ನೋಡಿದ್ದನ್ನೂ ನಾ ನೋಡಿದ್ದೆ,” ಎಂದಳು ಶ್ರೀಮತಿ. ಕೋಪವಿರಲಿಲ್ಲ, ಹಳೆಯ ಸುದ್ದಿ ಹೇಳುವ ದನಿ. ಗುಂಡಿ ಹಾಕಿಕೊಂಡಳು. “ಈಗ ಅವ್ರಿಗೆ ಹೇಳವು. ನೀನೇ ಹೇಳು. ಮೂವತ್ತು ವರ್ಷ ಆತು, ಅಡುಗೆ ಎಂತ, ಹೋಳಿಗೆಗೆ ಬೆಲ್ಲ ಎಷ್ಟು ಹೇಳಿ ಮಾತಾಡಿದ್ದು ಬಿಟ್ರೆ ನನ್ನ ಮೈ ಸುದ್ದಿ ಹೇಳಿ ಅಭ್ಯಾಸ ಇಲ್ಲೆ. ನೀ ಒಂದು ಭಾಷೆಯಿಂದ ಇನ್ನೊಂದಕ್ಕೆ ಮಾಡುವವಳು ಅಲ್ದಾ.”

ಜಗುಲಿಯಲ್ಲಿ ಮಹಾಬಲ ಭಾವ ಎಲೆಗೆ ಸುಣ್ಣ ಹಚ್ಚುತ್ತಿದ್ದ. “ಬಾ ಕೂತ್ಗ. ಎಂತ ಅಡ್ಡ ಬಾಗಿಲು ಹಾಕಿ ಪಿಸಿಪಿಸಿ? ಆಸ್ತಿ ಪಾಲಾ?” ಎಂದು ನಕ್ಕವನು ಅವಳ ಮುಖ ನೋಡಿ ಸುಣ್ಣದ ಬೆರಳನ್ನು ಹಾಗೇ ಹಿಡಿದ. ಮಾಲಿನಿ ಕೂರಲಿಲ್ಲ. “ಭಾವ, ಅತ್ತಿಗೆಗೆ ಎದೆಯಲ್ಲಿ ಒಂದು ಗಂಟಾಗಿದೆ. ದೀಪಾವಳಿಯಿಂದ ನನಗೆ ಗೊತ್ತಿತ್ತು. ನಾನೇ ಏನೂ ಅಲ್ಲ ಅಂದಿದ್ದೆ. ಡಾಕ್ಟರಿಗೆ ತೋರಿಸಬೇಕು, ಬೇಗ.” ತನ್ನ ಕಿವಿಗೇ ಅದು ಅನುವಾದದಂತೆ ಕೇಳಿತು: ಸರಿಯಾದ ವಾಕ್ಯಗಳು, ಯಾರ ಮನೆಯ ಮಾತೂ ಅಲ್ಲದ್ದು. ಎಲೆ ಅವನ ಬೆರಳಿನಿಂದ ತೊಡೆಯ ಮೇಲೆ ಬಿತ್ತು. ಹೊರಗೆ ನಾಗಿ ಯಾವುದೋ ಹಾಡಿನ ಒಂದೇ ಸಾಲನ್ನು ಗುನುಗುತ್ತಿದ್ದಳು.

“ಎಷ್ಟು ದೊಡ್ಡದು?” ಎಂದ.

ಅವಳು ಬಾಯಿ ತೆರೆದಳು. ಮೂರು ಭಾಷೆಯ ಕಾಳು, ಹಣ್ಣು, ಮೊಟ್ಟೆಗಳು ನಾಲಿಗೆಯ ತುದಿಗೆ ಬಂದು ನಿಂತವು. ಯಾವುದನ್ನು ಹೇಳಿದರೂ ಅವನು ತನಗೆ ಬೇಕಾದಷ್ಟನ್ನು ಕೇಳಿಸಿಕೊಳ್ಳಬಹುದು. ಅವಳು ಬಲಗೈ ಎತ್ತಿ ಹೆಬ್ಬೆರಳು ತೋರುಬೆರಳನ್ನು ಅಗಲಿಸಿದಳು. ಎಷ್ಟು ಅಗಲಿಸಿದ್ದಾಳೆಂದು ಅವಳಿಗೇ ಕಾಣಲಿಲ್ಲ, ಕಣ್ಣು ತುಂಬಿತ್ತು. ಹಿಂದಿನಿಂದ ಯಾರೋ ಬಂದ ಸದ್ದಾಯಿತು. ಶ್ರೀಮತಿಯ ಕೈ ಅವಳ ಕೈಯ ಮೇಲೆ ಬಂತು. ಎರಡು ಬೆರಳನ್ನು ಹಿಡಿದು, ಹಿಟ್ಟನ್ನು ಎಳೆಯುವಷ್ಟು ಮೃದುವಾಗಿ, ಇನ್ನೂ ಸ್ವಲ್ಪ ಅಗಲ ಮಾಡಿತು. “ಇಷ್ಟು,” ಎಂದಳು ಗಂಡನಿಗೆ.

ಮಹಾಬಲ ಆ ಬೆರಳುಗಳ ನಡುವಿನ ಬಯಲನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ, ಬಹಳ ದಿನದ ಮೇಲೆ ನೋಡುವವನಂತೆ.

“ನೋವು ಇದ್ದಾ?”

“ಇಲ್ಲೆ.”

ಅವನು ಎದ್ದು ನಿಂತ. ಎಲ್ಲಿಗೆ ಹೋಗಬೇಕೆಂದು ತೋಚದೆ ಗೋಡೆಯ ಕ್ಯಾಲೆಂಡರಿನ ಎದುರು ಹೋಗಿ ಅದನ್ನೇ ಓದುತ್ತ ನಿಂತ. “ಮಣಿಪಾಲಕ್ಕೇ ಹೋಗವು,” ಎಂದ, ಗೋಡೆಗೆ ಹೇಳಿದಂತೆ. “ನಾನೂ ಬತ್ತೆ. ಬೆಳಿಗ್ಗೆ ಬಸ್ಸು ಎಷ್ಟು ಗಂಟೆಗೇನ. ಯಾರನ್ನಾದ್ರೂ ಕೇಳವು.”

“ಕುಮಟೆಯಿಂದ ಐದೂ ಮುಕ್ಕಾಲಿಗೆ,” ಎಂದಳು ಶ್ರೀಮತಿ. “ಹೊನ್ನಾವರದಲ್ಲಿ ಹತ್ತು ನಿಮಿಷ ನಿಲ್ತು. ಭಟ್ಕಳದಲ್ಲಿ ಚಾ ಕುಡಿಯಲೆ ಬಿಡ್ತ. ಹತ್ತು ಗಂಟೆ ಒಳಗೆ ಮುಟ್ತು.”

ಅವನು ತಿರುಗಿದ. “ನಿಂಗೆ ಯಾರು ಹೇಳಿದ್ವು?”

“ಕೇಳಿಟ್ಟಿದ್ದೆ,” ಎಂದಳು ಶ್ರೀಮತಿ. ಬಾಗಿ, ಕೆಳಗೆ ಬಿದ್ದಿದ್ದ ಎಲೆಯನ್ನು ಎತ್ತಿ ತಟ್ಟೆಯಲ್ಲಿಟ್ಟಳು. “ದಸರೆ ಟೈಮಲ್ಲಿ.”